ಕತ್ತಿಗೆ ಮೊದಲು ಕೊಳವೆ: ಮೇದೋಜೀರಕದ ಉರಿಯೂತಕ್ಕೆ ತಾಳ್ಮೆಯ ಚಿಕಿತ್ಸೆ

ಲಕ್ಕಿಡಿಯಿಂದ ಅಡಿವಾರಕ್ಕೆ ಇಳಿಯುವ ತಾಮರಶ್ಶೇರಿ ಘಾಟಿಯಲ್ಲಿ ಒಂಬತ್ತು ಹೇರ್‌ಪಿನ್ ತಿರುವುಗಳಿವೆ. ಪ್ರವಾಸಿಗರಿಗೆ ಅವು ಫೋಟೋ ತೆಗೆಯುವ ತಾಣಗಳು. ಮನೆಯಲ್ಲಿ ರೋಗಿಯಿರುವ ವಯನಾಡಿನವರಿಗೆ ಒಂದೊಂದು ತಿರುವೂ ಒಂದೊಂದು ಗಂಟೆಯಷ್ಟು ದೀರ್ಘ. ಕಲ್ಪೆಟ್ಟದಿಂದ ಕಲ್ಲಿಕೋಟೆಗೆ 70 ಕಿಲೋಮೀಟರಿಗೂ ಹೆಚ್ಚು ದಾರಿ. ಮಾನಂತವಾಡಿಯಿಂದಾದರೆ ಸುಮಾರು 100. ಮಳೆಗಾಲದಲ್ಲಿ ಗುಡ್ಡ ಕುಸಿದರೆ, ರಜೆಯ ದಿನಗಳಲ್ಲಿ ವಾಹನಗಳು ಸಾಲುಗಟ್ಟಿದರೆ, ಆ ದಾರಿ ಇನ್ನೂ ಉದ್ದವಾಗುತ್ತದೆ.

ಈ ಘಾಟಿಯನ್ನು ಇಳಿಯುವ ಆಂಬುಲೆನ್ಸುಗಳಲ್ಲಿ ಎಲ್ಲವೂ ಅಪಘಾತದ ಅಥವಾ ಹೃದಯಾಘಾತದ ರೋಗಿಗಳನ್ನು ಹೊತ್ತವುಗಳಲ್ಲ. ಕೆಲವೊಮ್ಮೆ ಒಳಗೆ ಮಲಗಿರುವುದು ಹಿಂದಿನ ರಾತ್ರಿ ‘ಗ್ಯಾಸ್’ ಎಂದು ಓಮದ ಕಷಾಯ ಕುಡಿದು ಮಲಗಿದ್ದ ಮನುಷ್ಯ. ಮೇಲುಹೊಟ್ಟೆಯಲ್ಲಿ ಹುಟ್ಟಿ ಬೆನ್ನಿಗೆ ಹಾಯುವ ನೋವು, ನಿಲ್ಲದ ವಾಂತಿ, ಮುಂದಕ್ಕೆ ಬಾಗಿ ಕುಳಿತರೆ ಮಾತ್ರ ತುಸು ಸಮಾಧಾನ. ಬೆಳಗಾಗುವಷ್ಟರಲ್ಲಿ ನಾಡಿ ಓಡುತ್ತಿರುತ್ತದೆ, ಮೂತ್ರ ಕಡಿಮೆಯಾಗಿರುತ್ತದೆ. ವೈದ್ಯರು ಹೇಳುವ ಹೆಸರು ಮನೆಯವರಿಗೆ ಹೊಸದು: ಪ್ಯಾಂಕ್ರಿಯಾಟೈಟಿಸ್. ಕನ್ನಡದಲ್ಲಿ ಹೇಳುವುದಾದರೆ ಮೇದೋಜೀರಕ ಗ್ರಂಥಿಯ ಉರಿಯೂತ.

ಬೇಲಿಯೇ ಹೊಲ ಮೇಯುವ ರೋಗ

ಪ್ರೌಢಶಾಲೆಯ ಜೀವಶಾಸ್ತ್ರ ಓದಿದ ಮಕ್ಕಳಿಗೆ ಈ ಗ್ರಂಥಿಯ ಪರಿಚಯವಿರುತ್ತದೆ. ಜಠರದ ಹಿಂದೆ, ಬೆನ್ನುಮೂಳೆಗೆ ಅಡ್ಡಲಾಗಿ ಒರಗಿಕೊಂಡಿರುವ, ಸುಮಾರು 15 ಸೆಂಟಿಮೀಟರ್ ಉದ್ದದ, 100 ಗ್ರಾಂ ಆಸುಪಾಸಿನ ಮೃದುವಾದ ಅಂಗ ಇದು. ರಕ್ತಕ್ಕೆ ಇನ್ಸುಲಿನ್ ಸೇರಿಸುವುದು ಇದರ ಒಂದು ಕೆಲಸ. ಅನ್ನ, ಬೇಳೆ, ಎಣ್ಣೆಗಳನ್ನು ಜೀರ್ಣಿಸುವ ಕಿಣ್ವಗಳನ್ನು ತಯಾರಿಸಿ ಸಣ್ಣ ಕರುಳಿಗೆ ಸುರಿಸುವುದು ಇನ್ನೊಂದು.

ಮಾಂಸವನ್ನೂ ಕೊಬ್ಬನ್ನೂ ಕರಗಿಸಬಲ್ಲ ಈ ಕಿಣ್ವಗಳು ತಮ್ಮನ್ನು ಹೆತ್ತ ಗ್ರಂಥಿಯನ್ನೇ ಏಕೆ ಕರಗಿಸುವುದಿಲ್ಲ? ಅವು ಗ್ರಂಥಿಯೊಳಗೆ ನಿದ್ರಾವಸ್ಥೆಯಲ್ಲಿರುತ್ತವೆ ಎಂಬುದೇ ಉತ್ತರ. ಟ್ರಿಪ್ಸಿನೋಜೆನ್ ಎಂಬುದು ಕರುಳನ್ನು ತಲುಪಿದ ಮೇಲಷ್ಟೇ ಟ್ರಿಪ್ಸಿನ್ ಆಗಿ ಎಚ್ಚರಗೊಳ್ಳುತ್ತದೆ. ಪಿತ್ತಕೋಶದ ಕಲ್ಲೊಂದು ಜಾರಿ ಬಂದು ನಾಳದ ಬಾಯಿಗೆ ಸಿಕ್ಕಿಕೊಂಡಾಗ, ಅಥವಾ ಮದ್ಯವು ಗ್ರಂಥಿಯ ಕೋಶಗಳನ್ನು ಕೆಡಿಸಿದಾಗ, ಈ ವ್ಯವಸ್ಥೆ ತಪ್ಪುತ್ತದೆ. ಕಿಣ್ವಗಳು ಗ್ರಂಥಿಯೊಳಗೇ ಎಚ್ಚರಗೊಂಡು ಹೆತ್ತ ಮನೆಯನ್ನೇ ಸುಡತೊಡಗುತ್ತವೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ. ಗ್ರಂಥಿಯು ತನ್ನನ್ನು ತಾನೇ ಜೀರ್ಣಿಸಿಕೊಳ್ಳುತ್ತದೆ ಎಂಬ ಈ ವಿಚಾರವನ್ನು ಹಾನ್ಸ್ ಕಿಯಾರಿ ಎಂಬ ರೋಗಶಾಸ್ತ್ರಜ್ಞರು 1896ರಲ್ಲಿಯೇ ಮುಂದಿಟ್ಟಿದ್ದರು.

ಐವರು ರೋಗಿಗಳಲ್ಲಿ ಸುಮಾರು ನಾಲ್ವರಿಗೆ ಇದು ಸೌಮ್ಯ ರೂಪದಲ್ಲಿ ಬಂದು, ಡ್ರಿಪ್ಸ್, ನೋವುನಿವಾರಕ ಮತ್ತು ವಿಶ್ರಾಂತಿಯಿಂದ ಒಂದು ವಾರದೊಳಗೆ ಇಳಿದುಹೋಗುತ್ತದೆ. ಉಳಿದವರದು ಬೇರೆಯೇ ಕಥೆ. ಗ್ರಂಥಿಯ ಒಂದು ಭಾಗ, ಅದರ ಸುತ್ತಲಿನ ಕೊಬ್ಬು ರಕ್ತಸಂಚಾರವಿಲ್ಲದೆ ಸಾಯುತ್ತದೆ. ಶ್ವಾಸಕೋಶ, ಮೂತ್ರಪಿಂಡ, ರಕ್ತದೊತ್ತಡ ಒಂದೊಂದಾಗಿ ಸೋಲಬಹುದು. ಇಂಥ ಅಂಗವೈಫಲ್ಯ 48 ಗಂಟೆಗಳನ್ನು ಮೀರಿ ಮುಂದುವರಿದರೆ ರೋಗವನ್ನು ‘ತೀವ್ರ’ ಎಂದು ಪರಿಗಣಿಸಬೇಕೆಂದು 2012ರ ಪರಿಷ್ಕೃತ ಅಟ್ಲಾಂಟಾ ವರ್ಗೀಕರಣ ಹೇಳುತ್ತದೆ.

ಎರಡನೆಯ ಅಲೆ

ತೀವ್ರ ರೂಪದ ಈ ರೋಗಕ್ಕೆ ಎರಡು ಅಲೆಗಳಿವೆ. ಮೊದಲನೆಯದು ಮೊದಲ ಒಂದೆರಡು ವಾರಗಳಲ್ಲಿ, ದೇಹವಿಡೀ ಉರಿಯುವ ಹಂತದಲ್ಲಿ ಬರುತ್ತದೆ. ಅದನ್ನು ದಾಟಿದ ರೋಗಿಯ ಮನೆಯವರು ‘ಗಂಡಾಂತರ ಕಳೆಯಿತು’ ಎಂದು ಉಸಿರು ಬಿಡುವ ಹೊತ್ತಿಗೆ ಎರಡನೆಯದು ಬರಬಹುದು. ಸತ್ತ ಅಂಗಾಂಶದಲ್ಲಿ ಕರುಳಿನ ಸೂಕ್ಷ್ಮಾಣುಗಳು ನೆಲೆಯೂರುತ್ತವೆ. ಮತ್ತೆ ಚಳಿಜ್ವರ, ಮತ್ತೆ ನಾಡಿಯ ಓಟ. ಸಿ.ಟಿ. ಸ್ಕ್ಯಾನಿನಲ್ಲಿ ಆ ಕೊಳೆತ ಜಾಗದ ನಡುವೆ ಗಾಳಿಗುಳ್ಳೆಗಳು ಕಂಡರೆ ಸೋಂಕು ತಗಲಿದೆ ಎಂದು ಬಹುಮಟ್ಟಿಗೆ ಖಚಿತ.

ಹಿಂದೆ ಇದಕ್ಕಿದ್ದ ಉತ್ತರ ಒಂದೇ: ಹೊಟ್ಟೆಯನ್ನು ಅಗಲವಾಗಿ ತೆರೆದು, ಕೊಳೆತದ್ದನ್ನೆಲ್ಲ ಕೈಯಿಂದ ಬಿಡಿಸಿ ತೆಗೆಯುವುದು. ಕೀವಿದ್ದಲ್ಲಿ ಅದನ್ನು ಪೂರ್ತಿ ತೆಗೆಯಬೇಕು ಎಂಬ ತರ್ಕ ಸರಿಯೆಂದೇ ತೋರುತ್ತಿತ್ತು. ಆದರೆ ಮೊದಲೇ ಬಸವಳಿದಿದ್ದ ದೇಹಕ್ಕೆ ಆ ಶಸ್ತ್ರಚಿಕಿತ್ಸೆಯೇ ಇನ್ನೊಂದು ಆಘಾತವಾಗುತ್ತಿತ್ತು. ಸತ್ತದ್ದು ಯಾವುದು, ಬದುಕಿರುವುದು ಯಾವುದು ಎಂಬ ಗಡಿ ಇನ್ನೂ ಮೂಡದ ಮೃದು ಅಂಗಾಂಶದಲ್ಲಿ ಕೈಯಾಡಿಸಿದರೆ ರಕ್ತ ಹರಿಯುತ್ತಿತ್ತು.

ಇಲ್ಲಿ ಹಳ್ಳಿಯ ಅಜ್ಜಿಯಂದಿರ ಒಂದು ತಿಳಿವಳಿಕೆ ನೆನಪಾಗುತ್ತದೆ. ಕುರು ಎದ್ದರೆ ಅದು ಹಣ್ಣಾಗುವ ತನಕ ಹಿಂಡಬಾರದು ಎಂದು ಅವರು ಮಕ್ಕಳನ್ನು ಗದರುತ್ತಿದ್ದರು. ಹಸಿಯಾಗಿರುವಾಗ ಹಿಂಡಿದರೆ ಬಾವು ಒಳಗೆ ಹರಡುತ್ತದೆ. ಹಣ್ಣಾದ ಮೇಲೆ ಸೂಜಿಯ ಮೊನೆ ತಾಕಿದರೂ ಸಾಕು. ಮೇದೋಜೀರಕದ ಕೊಳೆತಕ್ಕೂ ಹೀಗೆ ಹಣ್ಣಾಗುವ ಕಾಲವೊಂದಿದೆ. ಸುಮಾರು ನಾಲ್ಕು ವಾರಗಳಲ್ಲಿ ದೇಹವು ಅದರ ಸುತ್ತ ಗೋಡೆಯೊಂದನ್ನು ಕಟ್ಟುತ್ತದೆ. ಒಳಗಿನದು ಕರಗಿ ದ್ರವವಾಗತೊಡಗುತ್ತದೆ. ಆ ತನಕ ರೋಗಿಯನ್ನು ಬದುಕಿಸಿಕೊಂಡು ಕಾಯುವುದೇ ಚಿಕಿತ್ಸೆಯ ಕಠಿಣ ಭಾಗ.

ಪೆನ್ಸಿಲಿಗಿಂತ ತೆಳ್ಳಗಿನ ಕೊಳವೆ

ಕಾಯುತ್ತಿರುವಾಗಲೇ ಸೋಂಕು ಉಲ್ಬಣಿಸಿದರೆ ಏನು ಮಾಡುವುದು? ಕ್ಯಾಥೆಟರ್ ಇಟ್ಟು ಕೀವನ್ನು ಹೊರಹರಿಸುವ ವಿಧಾನಕ್ಕೆ ಮಹತ್ವ ಬಂದದ್ದು ಈ ಪ್ರಶ್ನೆಯಿಂದ. ಇದಕ್ಕೆ ಹೊಟ್ಟೆ ತೆರೆಯಬೇಕಾಗಿಲ್ಲ. ಸಿ.ಟಿ. ಅಥವಾ ಅಲ್ಟ್ರಾಸೌಂಡಿನ ಚಿತ್ರವನ್ನು ನೋಡುತ್ತ, ಚರ್ಮವನ್ನು ಮರಗಟ್ಟಿಸಿ, ರೇಡಿಯಾಲಜಿ ತಜ್ಞರು ಸಾಧಾರಣವಾಗಿ ಎಡ ಪಕ್ಕೆಯಿಂದ ತೆಳು ಸೂಜಿಯೊಂದನ್ನು ಕೀವಿನ ಕುಳಿಗೆ ತಲುಪಿಸುತ್ತಾರೆ. ಗುಲ್ಮ, ಮೂತ್ರಪಿಂಡ, ದೊಡ್ಡ ಕರುಳು ಇವುಗಳಿಗೆ ತಾಗದ ದಾರಿಯನ್ನು ಹುಡುಕುವುದೇ ಅವರ ಕೌಶಲ. ಸೂಜಿಯ ಮೂಲಕ ಬಾಗುವ ತಂತಿಯನ್ನು ಇಳಿಸಿ, ಸೂಜಿಯನ್ನು ಹೊರಗೆಳೆದು, ತಂತಿಯ ಮೇಲೆ ಕೊಳವೆಯನ್ನು ಜಾರಿಸುತ್ತಾರೆ. ಸ್ವೀಡನ್ನಿನ ರೇಡಿಯಾಲಜಿಸ್ಟ್ ಸ್ವೆನ್ ಐವರ್ ಸೆಲ್ಡಿಂಗರ್ 1953ರಲ್ಲಿ ರಕ್ತನಾಳಗಳಿಗಾಗಿ ಪ್ರಕಟಿಸಿದ ಉಪಾಯವೇ ಇಲ್ಲಿ ಇನ್ನೊಂದು ಕೆಲಸಕ್ಕೆ ಒದಗಿದೆ.

ಕೊಳವೆಯ ದಪ್ಪವನ್ನು ‘ಫ್ರೆಂಚ್’ ಎಂಬ ಮಾನದಲ್ಲಿ ಹೇಳುತ್ತಾರೆ. ಮೂರು ಫ್ರೆಂಚ್ ಎಂದರೆ ಒಂದು ಮಿಲಿಮೀಟರ್. ಆರಂಭದಲ್ಲಿ ಇಡುವ 12 ಫ್ರೆಂಚಿನ ಕೊಳವೆ 4 ಮಿಲಿಮೀಟರ್ ದಪ್ಪ, ಮಕ್ಕಳ ಬರೆಯುವ ಪೆನ್ಸಿಲಿಗಿಂತ ತೆಳ್ಳಗೆ. ಒಳಗಿನ ತುದಿ ಹಂದಿಯ ಬಾಲದಂತೆ ಸುರುಳಿಯಾಗಿ ಜಾರದೆ ನಿಲ್ಲುತ್ತದೆ. ಹೊರಗಿನ ತುದಿಗೆ ಒಂದು ಚೀಲ. ಅಗತ್ಯವಾದರೆ ಮುಂದಿನ ದಿನಗಳಲ್ಲಿ ಅದೇ ದಾರಿಯಲ್ಲಿ ಇನ್ನೂ ದಪ್ಪದ ಕೊಳವೆಯನ್ನೋ ಎರಡನೆಯದನ್ನೋ ಇಡಬಹುದು.

ಗಟ್ಟಿಯಾದ ಸತ್ತ ಅಂಗಾಂಶ ಇಷ್ಟು ಸಣ್ಣ ಕೊಳವೆಯಲ್ಲಿ ಹೊರಬರುವುದು ಹೇಗೆ ಎಂಬ ಸಂಶಯ ಸಹಜ. ವಾಸ್ತವವಾಗಿ ಎಲ್ಲವೂ ಹೊರಬರಬೇಕಾಗಿಲ್ಲ. ಒತ್ತಡದಲ್ಲಿರುವ ಕೀವು ಹರಿದುಹೋದರೆ ವಿಷ ರಕ್ತಕ್ಕೆ ಸೇರುವುದು ಕಡಿಮೆಯಾಗುತ್ತದೆ. ಜ್ವರ ಇಳಿದು ಅಂಗಗಳು ಚೇತರಿಸಿಕೊಳ್ಳುತ್ತವೆ. ಉಳಿದದ್ದನ್ನು ದೇಹ ತಾನೇ ನಿಭಾಯಿಸುತ್ತದೆ.

ಇದು ಕೇವಲ ಊಹೆಯಲ್ಲ. ನೆದರ್ಲೆಂಡ್ಸಿನ ಆಸ್ಪತ್ರೆಗಳು ಒಟ್ಟಾಗಿ ನಡೆಸಿ 2010ರಲ್ಲಿ ಪ್ರಕಟಿಸಿದ ‘ಪ್ಯಾಂಟರ್’ ಅಧ್ಯಯನದಲ್ಲಿ 88 ರೋಗಿಗಳನ್ನು ಎರಡು ಗುಂಪು ಮಾಡಲಾಗಿತ್ತು. ಒಂದು ಗುಂಪಿಗೆ ನೇರವಾಗಿ ಹೊಟ್ಟೆ ತೆರೆಯುವ ಶಸ್ತ್ರಚಿಕಿತ್ಸೆ. ಇನ್ನೊಂದಕ್ಕೆ ಮೊದಲು ಕೊಳವೆ, ಅದರಿಂದ ಗುಣವಾಗದಿದ್ದರೆ ಮಾತ್ರ ಸಣ್ಣ ಗಾಯದ ಶಸ್ತ್ರಚಿಕಿತ್ಸೆ. ಮೆಟ್ಟಿಲು ಮೆಟ್ಟಿಲಾಗಿ ಏರುವ ಈ ಕ್ರಮದಲ್ಲಿ ದೊಡ್ಡ ತೊಡಕು ಅಥವಾ ಸಾವು ಉಂಟಾದದ್ದು ಶೇಕಡಾ 40 ಮಂದಿಗೆ. ನೇರ ಶಸ್ತ್ರಚಿಕಿತ್ಸೆಯಲ್ಲಿ ಶೇಕಡಾ 69. ಕೊಳವೆಯ ಗುಂಪಿನಲ್ಲಿ ಶೇಕಡಾ 35 ಮಂದಿಗೆ ಬೇರಾವ ಶಸ್ತ್ರಚಿಕಿತ್ಸೆಯೂ ಬೇಕಾಗಲಿಲ್ಲ. ಹೊಸದಾಗಿ ಮಧುಮೇಹ ಬಂದವರ ಪ್ರಮಾಣವೂ ಶೇಕಡಾ 38ರಿಂದ 16ಕ್ಕೆ ಇಳಿದಿತ್ತು. ಆದರೆ ಸಾವಿನ ಸಂಖ್ಯೆಯನ್ನು ಮಾತ್ರ ನೋಡಿದರೆ ಎರಡು ಗುಂಪುಗಳ ನಡುವೆ ಗಣನೀಯ ಅಂತರವಿರಲಿಲ್ಲ. ರೋಗ ಅಷ್ಟು ಕಠಿಣವಾದದ್ದು. ಕೊಳವೆ ಪವಾಡವಲ್ಲ; ದೇಹಕ್ಕೆ ಕಡಿಮೆ ಪೆಟ್ಟು ಕೊಟ್ಟು ಗುಣವಾಗಲು ಅವಕಾಶ ಮಾಡಿಕೊಡುವ ದಾರಿ.

ಅದೇ ದೇಶದ ಇನ್ನೊಂದು ಅಧ್ಯಯನ, 2021ರ ‘ಪಾಯಿಂಟರ್’, ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಸೋಂಕು ಕಂಡ ಕೂಡಲೇ ಕೊಳವೆ ಇಡಬೇಕೋ, ಪ್ರತಿಜೈವಿಕ ಔಷಧ ಕೊಟ್ಟು ಗೋಡೆ ಕಟ್ಟುವ ತನಕ ಕಾಯಬಹುದೋ ಎಂಬುದು ಅದರ ಪ್ರಶ್ನೆ. 104 ರೋಗಿಗಳಲ್ಲಿ ಬೇಗ ಕೊಳವೆ ಇಟ್ಟವರಿಗೆ ಹೆಚ್ಚಿನ ಲಾಭ ಕಾಣಲಿಲ್ಲ. ಕಾದವರಲ್ಲಿ ಶೇಕಡಾ 39 ಮಂದಿ ಕೊಳವೆಯೇ ಇಲ್ಲದೆ ಔಷಧದಿಂದಲೇ ಗುಣವಾದರು. ತಾಳಿದವನು ಬಾಳಿಯಾನು ಎಂಬ ಗಾದೆಗೆ ವೈದ್ಯಶಾಸ್ತ್ರ ಕೊಟ್ಟ ಸಾಕ್ಷ್ಯವಿದು. ಆದರೆ ಈ ತಾಳ್ಮೆ ಮನೆಯಲ್ಲಿ ಕುಳಿತು ತೋರುವ ತಾಳ್ಮೆಯಲ್ಲ. ಆಸ್ಪತ್ರೆಯಲ್ಲಿ, ಗಂಟೆಗಂಟೆಗೂ ನಿಗಾ ಇಟ್ಟು ತೋರುವ ತಾಳ್ಮೆ. ರೋಗಿಯ ಸ್ಥಿತಿ ಕುಸಿಯುತ್ತಿದ್ದರೆ ವೈದ್ಯರು ಕಾಯುವುದಿಲ್ಲ.

ಈಗ ಜಠರದ ಒಳಗಿನಿಂದಲೇ ಎಂಡೋಸ್ಕೋಪಿಯ ಮೂಲಕ ದಾರಿ ಮಾಡಿ ಕೀವನ್ನು ಹೊಟ್ಟೆಯೊಳಕ್ಕೇ ಹರಿಸುವ ವಿಧಾನವೂ ಬಂದಿದೆ. ಕುಳಿ ಎಲ್ಲಿದೆ, ಆಸ್ಪತ್ರೆಯಲ್ಲಿ ಯಾವ ಪರಿಣತಿ ಇದೆ ಎಂಬುದನ್ನು ನೋಡಿ ತಜ್ಞರು ನಿರ್ಧರಿಸುತ್ತಾರೆ.

ಬೆಟ್ಟದ ಜಿಲ್ಲೆಯ ಲೆಕ್ಕಾಚಾರ

ವಯನಾಡು ಜಿಲ್ಲೆಯಾದದ್ದು 1980ರ ನವೆಂಬರ್ 1ರಂದು. ಮಾನಂತವಾಡಿಯ ಜಿಲ್ಲಾ ಆಸ್ಪತ್ರೆಯನ್ನು ಸರಕಾರಿ ವೈದ್ಯಕೀಯ ಕಾಲೇಜಾಗಿ ಘೋಷಿಸಿದ್ದು 2021ರಲ್ಲಿ. ಮೇಪ್ಪಾಡಿಯಲ್ಲಿ ಖಾಸಗಿ ವೈದ್ಯಕೀಯ ಕಾಲೇಜೂ ಇದೆ. ಆದರೂ ದೊಡ್ಡ ಕಾಯಿಲೆಯೆಂದರೆ ಕಲ್ಲಿಕೋಟೆಯ ವೈದ್ಯಕೀಯ ಕಾಲೇಜಿನ ಕಡೆಗೋ ಮೈಸೂರಿನ ಕಡೆಗೋ ಮುಖ ಮಾಡುವುದು ಇಲ್ಲಿನ ಹಳೆಯ ರೂಢಿ. ಮಂಗಳೂರಿನ ದಾರಿ ಹಿಡಿಯುವ ಕಾಸರಗೋಡಿನವರಿಗೆ ಈ ಸಂಕಟವನ್ನು ವಿವರಿಸಿ ಹೇಳಬೇಕಾಗಿಲ್ಲ. ಬಂಡೀಪುರದ ಮೂಲಕ ಮೈಸೂರಿಗೆ ಹೋಗುವ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರ ತನಕ ವಾಹನ ಸಂಚಾರಕ್ಕೆ ನಿಷೇಧವಿದೆ. ಆಂಬುಲೆನ್ಸಿಗೆ ವಿನಾಯಿತಿ ಇರುವುದರಿಂದ ಇಂಥ ರೋಗಿಯನ್ನು ಸ್ವಂತ ಕಾರಿನಲ್ಲೋ ಜೀಪಿನಲ್ಲೋ ಹೊರಡಿಸದೆ ಆಂಬುಲೆನ್ಸ್ ಕರೆಯುವುದೇ ಲೇಸು. ದಾರಿಯಲ್ಲಿ ಆಮ್ಲಜನಕ, ಡ್ರಿಪ್ಸ್ ಕೊಡಲಿಕ್ಕೂ ಅದೇ ಬೇಕು. 108ಕ್ಕೆ ಕರೆ ಮಾಡಿದರೆ ಸರಕಾರದ ಆಂಬುಲೆನ್ಸ್ ಸೇವೆ ಉಚಿತ.

ಈ ರೋಗದ ಸ್ವಭಾವವನ್ನು ಅರಿತರೆ ಘಾಟಿಯ ಭಯವನ್ನು ತುಸು ವಿವೇಕದಿಂದ ಎದುರಿಸಬಹುದು. ಮೊದಲ ಗಂಟೆಗಳಲ್ಲಿ ಬೇಕಾದದ್ದು ಶಸ್ತ್ರಚಿಕಿತ್ಸಕನ ಕತ್ತಿಯಲ್ಲ, ಕೊಳವೆಯೂ ಅಲ್ಲ. ಬೇಕಾದದ್ದು ರಕ್ತಪರೀಕ್ಷೆ, ಹದವರಿತ ದ್ರವಪೂರಣ, ನೋವಿನ ಶಮನ, ಆಮ್ಲಜನಕ, ಮೂತ್ರದ ಅಳತೆ. ರಕ್ತದಲ್ಲಿ ಅಮೈಲೇಸ್ ಅಥವಾ ಲೈಪೇಸ್ ಮಾಮೂಲಿ ಮಿತಿಯ ಮೂರು ಪಟ್ಟಿಗಿಂತ ಹೆಚ್ಚಿದ್ದು, ನೋವಿನ ಲಕ್ಷಣವೂ ಹೊಂದಿಕೆಯಾದರೆ ರೋಗ ಗೊತ್ತಾದಂತೆ. ಇವೆಲ್ಲ ಬೆಟ್ಟದ ಮೇಲೆಯೇ ಆರಂಭವಾಗಬಲ್ಲವು. ಡ್ರಿಪ್ಸ್ ಹೆಚ್ಚು ಹಾಕಿದಷ್ಟೂ ಒಳ್ಳೆಯದೆಂಬ ನಂಬಿಕೆಯೂ ಸರಿಯಲ್ಲ; ಅತಿಯಾಗಿ ದ್ರವ ಕೊಟ್ಟರೆ ಶ್ವಾಸಕೋಶಕ್ಕೆ ಭಾರವಾಗುತ್ತದೆಂದು 2022ರ ‘ವಾಟರ್‌ಫಾಲ್’ ಅಧ್ಯಯನ ತೋರಿಸಿದೆ. ಕೊಳವೆಯ ಪ್ರಶ್ನೆ ಏಳುವುದು ಸಾಮಾನ್ಯವಾಗಿ ವಾರಗಳ ನಂತರ. ಆದುದರಿಂದ ಉಸಿರಾಟ, ರಕ್ತದೊತ್ತಡ, ಮೂತ್ರಪಿಂಡಗಳಲ್ಲಿ ಸೋಲಿನ ಚಿಹ್ನೆ ಕಂಡರೆ ತಡಮಾಡದೆ ದೊಡ್ಡ ಕೇಂದ್ರಕ್ಕೆ ಕಳುಹಿಸುವುದು, ಸೌಮ್ಯವಾಗಿದ್ದರೆ ಹತ್ತಿರದ ಆಸ್ಪತ್ರೆಯಲ್ಲೇ ನಿಗಾ ಇಡುವುದು, ಇದು ಸರಿಯಾದ ಕ್ರಮ. ಕಳುಹಿಸುವ ಆಸ್ಪತ್ರೆಯಲ್ಲಿ ತೀವ್ರ ನಿಗಾ ಘಟಕ, ಸಿ.ಟಿ., ರೇಡಿಯಾಲಜಿ ತಜ್ಞರು ಮೂರೂ ಇವೆಯೇ ಎಂದು ಹೊರಡುವ ಮೊದಲೇ ಕೇಳಿಕೊಂಡರೆ ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಅಲೆಯುವುದು ತಪ್ಪುತ್ತದೆ.

ಭಾಷೆಯ ಮಾತೂ ಇಲ್ಲಿ ಬರುತ್ತದೆ. ವಯನಾಡಿನ ಕಾಡಂಚಿನ ಕಾಟ್ಟುನಾಯ್ಕರ, ಬೆಟ್ಟಕುರುಬರ ಮನೆಮಾತು ಕನ್ನಡಕ್ಕೆ ಹತ್ತಿರದ್ದು. ನೋವು ಎಲ್ಲಿ ಹುಟ್ಟಿತು, ಎಲ್ಲಿಗೆ ಹಾಯುತ್ತದೆ, ಎಷ್ಟು ಹೊತ್ತಾಯಿತು ಎಂಬುದನ್ನು ಮನುಷ್ಯ ತನ್ನ ಮಾತಿನಲ್ಲಿ ಹೇಳುವಷ್ಟು ಸ್ಪಷ್ಟವಾಗಿ ಇನ್ನೊಂದು ಭಾಷೆಯಲ್ಲಿ ಹೇಳಲಾರ. ಕೊಳವೆ ಇಡುವ ಮುನ್ನ ಸಹಿ ಹಾಕಬೇಕಾದ ಕಾಗದದಲ್ಲಿ ಏನಿದೆಯೆಂದು ತಿಳಿಯದೆ ಬೆರಳೊತ್ತುವುದು ಸಲ್ಲದು. ರಕ್ತಸ್ರಾವ, ಕರುಳಿಗೆ ತೂತು, ಮೇದೋಜೀರಕ ರಸ ಸೋರುತ್ತಲೇ ಇರುವ ನಾಳವ್ರಣ ಇವು ಈ ವಿಧಾನದಲ್ಲಿಯೂ ಆಗಬಹುದಾದ ತೊಡಕುಗಳು. ಅವನ್ನು ತನ್ನ ಮಾತಿನಲ್ಲಿ ಕೇಳಿ ತಿಳಿಯುವುದು ರೋಗಿಯ ಹಕ್ಕು. ಎರಡು ಭಾಷೆ ಬಲ್ಲ ಶಾಲಾ ಮಕ್ಕಳಿಗೆ ಅಜ್ಜ ಅಜ್ಜಿಯರ ಪಾಲಿಗೆ ದುಭಾಷಿಗಳಾಗುವ ಸಂದರ್ಭ ಎಂದಾದರೂ ಬಂದೀತು.

ಕೊಳವೆಯೊಂದಿಗೆ ಮನೆಯಲ್ಲಿ

ಕೊಳವೆ ದಿನಗಳಲ್ಲಿ ಅಲ್ಲ, ಹೆಚ್ಚಾಗಿ ವಾರಗಳಲ್ಲಿ ಲೆಕ್ಕ ಹಾಕುವ ಚಿಕಿತ್ಸೆ. ಗಟ್ಟಿ ಚೂರುಗಳು ಸಿಕ್ಕಿ ಕಟ್ಟಿಕೊಳ್ಳದಂತೆ ಅದನ್ನು ದಿನಕ್ಕೆ ಹಲವು ಬಾರಿ ಸಲೈನಿನಿಂದ ತೊಳೆಯಬೇಕು. ಕೆಲವರು ಚೀಲದೊಂದಿಗೇ ಮನೆಗೆ ಮರಳುತ್ತಾರೆ. ಆಗ ಮನೆಯವರ ಕೆಲಸಗಳು ಸರಳ, ಆದರೆ ತಪ್ಪಬಾರದವು. ಪ್ರತಿದಿನ ಎಷ್ಟು ಮಿಲಿಲೀಟರ್ ಬಂತು, ಯಾವ ಬಣ್ಣವೆಂದು ಪುಸ್ತಕದಲ್ಲಿ ಬರೆದಿಡಬೇಕು. ಚೀಲ ಸೊಂಟಕ್ಕಿಂತ ಕೆಳಗಿರಬೇಕು. ಮಲಗುವಾಗ ಎಳೆಯದಂತೆ ಕಟ್ಟಬೇಕು. ಕೈ ತೊಳೆಯದೆ ಮುಟ್ಟಬಾರದು. ಒಮ್ಮೆಲೇ ಬರುವುದು ನಿಂತರೆ ಗುಣವಾಯಿತೆಂದು ಹಿಗ್ಗಬಾರದು, ಕೊಳವೆ ಕಟ್ಟಿರಬಹುದು. ಮತ್ತೆ ಚಳಿಜ್ವರ ಬಂದರೆ, ಚೀಲದಲ್ಲಿ ಕೆಂಪು ರಕ್ತ ಕಂಡರೆ, ಕೊಳವೆ ಹೊರಜಾರಿದರೆ ಆ ಕ್ಷಣವೇ ಆಸ್ಪತ್ರೆ. ಅದನ್ನು ಮನೆಯಲ್ಲಿ ಎಳೆದು ತೆಗೆಯುವಂತಿಲ್ಲ.

ಊಟದ ವಿಷಯದಲ್ಲಿಯೂ ಹಳೆಯ ನಂಬಿಕೆ ಬದಲಾಗಿದೆ. ಗ್ರಂಥಿಗೆ ವಿಶ್ರಾಂತಿ ಬೇಕೆಂದು ರೋಗಿಯನ್ನು ದಿನಗಟ್ಟಲೆ ಉಪವಾಸ ಕೆಡವುವುದು ಈಗಿನ ಕ್ರಮವಲ್ಲ. ಬಾಯಿಯಿಂದ ಸಾಧ್ಯವಾದರೆ ಬಾಯಿಯಿಂದ, ಇಲ್ಲವಾದರೆ ಮೂಗಿನ ಮೂಲಕ ಇಳಿಸಿದ ನಳಿಕೆಯಿಂದ ಆಹಾರ ಕರುಳಿಗೆ ತಲುಪಬೇಕು. ಹಸಿದ ಕರುಳು ಸೂಕ್ಷ್ಮಾಣುಗಳನ್ನು ತಡೆಯುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಖರ್ಚಿನ ವಿಷಯದಲ್ಲಿ, ಅರ್ಹ ಕುಟುಂಬಗಳಿಗೆ ಕಾರುಣ್ಯ ಆರೋಗ್ಯ ಸುರಕ್ಷಾ ಪದ್ಧತಿಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿಯ ತನಕ ಆಸ್ಪತ್ರೆ ಚಿಕಿತ್ಸೆಗೆ ನೆರವಿದೆ. ವಾರಗಟ್ಟಲೆ ಐ.ಸಿ.ಯು.ವಿನಲ್ಲಿ ಕಳೆಯಬೇಕಾಗಬಹುದಾದ ಈ ಕಾಯಿಲೆಗೆ ಮುನ್ನ ಕಾರ್ಡು ಚಾಲ್ತಿಯಲ್ಲಿದೆಯೇ ಎಂದು ನೋಡಿಟ್ಟುಕೊಳ್ಳುವುದು ಜಾಣತನ.

ಕೇರಳಕ್ಕೆ ಹಳೆಯ ಪರಿಚಯ

ಮೇದೋಜೀರಕದ ಅಧ್ಯಯನದಲ್ಲಿ ಕೇರಳಕ್ಕೆ ತನ್ನದೇ ಸ್ಥಾನವಿದೆ. ಬಡತನದ ದಿನಗಳಲ್ಲಿ ಎಳೆಯ ಪ್ರಾಯದವರಲ್ಲಿ ಹೊಟ್ಟೆನೋವು, ಗ್ರಂಥಿಯ ನಾಳದಲ್ಲಿ ಕಲ್ಲು, ಬಳಿಕ ಮಧುಮೇಹ ಕಾಣಿಸಿಕೊಳ್ಳುವ ದೀರ್ಘಕಾಲಿಕ ಕಾಯಿಲೆಯನ್ನು ಡಾ. ಪಿ.ಜೆ. ಗೀವರ್ಗೀಸ್ ಇಲ್ಲಿ ನೂರಾರು ರೋಗಿಗಳಲ್ಲಿ ಗುರುತಿಸಿ, 1968ರಲ್ಲಿ ಅದರ ಬಗ್ಗೆ ಗ್ರಂಥವನ್ನೇ ಹೊರತಂದರು. ಮರಗೆಣಸು ಕಾರಣವಿರಬಹುದೆಂಬ ಶಂಕೆ ಆಗ ಬಲವಾಗಿತ್ತು, ಅದು ಸಾಬೀತಾಗಲಿಲ್ಲ. ಎಸ್‌ಪಿಐಎನ್‌ಕೆ1 ಎಂಬ ವಂಶವಾಹಿಯ ದೋಷಕ್ಕೂ ಈ ರೋಗಕ್ಕೂ ನಂಟಿದೆಯೆಂದು ಅನಂತರ ತಿಳಿಯಿತು. ಆ ಕಾಯಿಲೆ ಬೇರೆ, ಹಠಾತ್ತನೆ ಬರುವ ಉರಿಯೂತ ಬೇರೆ. ಆದರೆ ಕೇರಳದ ಸಾಮಾನ್ಯ ವಾರ್ಡುಗಳ ರೋಗಿಗಳಿಂದಲೇ ಜಗತ್ತಿಗೆ ತಿಳಿವು ಹುಟ್ಟಿತೆಂಬುದು ವಿಜ್ಞಾನ ಓದುವ ಮಕ್ಕಳು ನೆನಪಿಡಬೇಕಾದ ಮಾತು.

ಬಾರದಂತೆ ತಡೆಯುವ ದಾರಿ

ಹಠಾತ್ ಉರಿಯೂತದ ಎರಡು ದೊಡ್ಡ ಕಾರಣಗಳು ಪಿತ್ತಕೋಶದ ಕಲ್ಲು ಮತ್ತು ಮದ್ಯ. ರಕ್ತದಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬು 1000 ಮಿಲಿಗ್ರಾಂ ದಾಟುವುದು ಇನ್ನೊಂದು. ಕಲ್ಲಿನಿಂದ ಸೌಮ್ಯ ಉರಿಯೂತ ಬಂದು ಗುಣವಾದವರು ‘ಈಗ ನೋವಿಲ್ಲ’ ಎಂದು ಪಿತ್ತಕೋಶದ ಶಸ್ತ್ರಚಿಕಿತ್ಸೆಯನ್ನು ಮುಂದೂಡುವುದುಂಟು. ಅದೇ ದಾಖಲಾತಿಯಲ್ಲಿ ತೆಗೆಸಿಕೊಂಡವರಿಗೆ ಕಲ್ಲಿನ ತೊಂದರೆ ಮರುಕಳಿಸಿ ಮತ್ತೆ ದಾಖಲಾಗುವ ಅಥವಾ ಸಾಯುವ ಅಪಾಯ ಶೇಕಡಾ 17ರಿಂದ 5ಕ್ಕೆ ಇಳಿಯಿತೆಂದು 2015ರ ಅಧ್ಯಯನವೊಂದು ತೋರಿಸಿತು. ಒಮ್ಮೆ ಕಂಡ ಎಚ್ಚರಿಕೆಯನ್ನು ಕಡೆಗಣಿಸುವುದೇ ಎರಡನೆಯ ಬಾರಿಯ ದುಬಾರಿ ಪಾಠ. ಮದ್ಯದಿಂದ ಬಂದದ್ದಾದರೆ ಕುಡಿತ ಬಿಡುವುದಕ್ಕೆ ಬದಲಿ ಮದ್ದಿಲ್ಲ. ಅದು ಒಬ್ಬನ ಛಲದಿಂದಲೇ ಆಗಬೇಕಾದ ಕೆಲಸವೂ ಅಲ್ಲ. ಮನೆಯವರ ಆಸರೆ ಮತ್ತು ವ್ಯಸನಮುಕ್ತಿ ಕೇಂದ್ರದ ನೆರವು ಎರಡೂ ಬೇಕು.

ಮೇಲುಹೊಟ್ಟೆಯಲ್ಲಿ ಹುಟ್ಟಿ ಬೆನ್ನಿಗೆ ಹಾಯುವ, ವಾಂತಿಯೊಡನೆ ಬರುವ, ಗಂಟೆಗಳಾದರೂ ಇಳಿಯದ ನೋವು ‘ಗ್ಯಾಸ್’ ಅಲ್ಲ. ಆ ರಾತ್ರಿ ಕಷಾಯದ ಲೋಟವನ್ನು ಪಕ್ಕಕ್ಕಿಟ್ಟು ಹತ್ತಿರದ ಆಸ್ಪತ್ರೆಯ ಬಾಗಿಲು ತಟ್ಟಬೇಕು. ಆಮೇಲಿನ ದಾರಿ ಉದ್ದವಿರಬಹುದು: ಒಂಬತ್ತು ತಿರುವು, ನಾಲ್ಕಾರು ವಾರ, ಪಕ್ಕೆಯಲ್ಲೊಂದು ತೆಳು ಕೊಳವೆ. ಆದರೆ ಹಿಂದೆ ಕತ್ತಿಯೊಂದೇ ಉತ್ತರವಾಗಿದ್ದ ಕಡೆ ಇಂದು ಮೆಟ್ಟಿಲುಗಳಿವೆ. ಆ ಮೆಟ್ಟಿಲುಗಳನ್ನು ಏರಿ ಗುಣವಾದವರು ಅದೇ ಘಾಟಿಯನ್ನು ಹತ್ತಿ ಮನೆ ಸೇರುತ್ತಿದ್ದಾರೆ.